ಭಯಭಕ್ತಿಯಲ್ಲಿ ‘ಭಯ’ ಯಾಕಿದೆ?

ಭಯಭಕ್ತಿ ಅನ್ನೋ ಪದವನ್ನ ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸ್ತೀವಿ. ಜಾತ್ರೆಯ ಕರಪತ್ರದಲ್ಲೂ ಅದೇ, ಪೇಪರಿನ ಹಬ್ಬದ ಸುದ್ದಿಯಲ್ಲೂ ಅದೇ, ನಮ್ಮ ಚರ್ಚಿನ ಪ್ರಾರ್ಥನೆಯಲ್ಲೂ ಅದೇ. ಆದರೆ ಆ ಪದವನ್ನ ಎರಡು ತುಂಡು ಮಾಡಿ ಮುಂದಿಟ್ಟು ನೋಡಿ. ಭಕ್ತಿ ಎಲ್ಲರಿಗೂ ಬೇಕು. ಭಯ ಯಾರಿಗೂ ಬೇಡ.

ನಾನು ಕ್ರೈಸ್ತ ಮನೆತನದವಳು. ಊರು ಹುಬ್ಬಳ್ಳಿ. ಕೆಲಸ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ, ಸ್ಟಾಫ್ ನರ್ಸ್. ನಮ್ಮ ಓರಗೆಯವರು ಸೇರಿ ಹಾಡೋ ಹಾಡುಗಳಲ್ಲಿ ಯೇಸು ಗೆಳೆಯ, ಅಪ್ಪ, ಆಸರೆ. ಅದೆಲ್ಲ ನಿಜವೇ, ನಾನೂ ದನಿ ಎತ್ತಿ ಹಾಡ್ತೀನಿ. ಆದರೆ ಸತ್ಯವೇದ ಬಿಡಿಸಿ ಕೂತರೆ ದೇವರ ಭಯದ ಮಾತು ಪದೇ ಪದೇ ಎದುರಾಗುತ್ತೆ. ಜ್ಞಾನ ಶುರುವಾಗೋದೇ ಅಲ್ಲಿಂದ ಅಂತ ಜ್ಞಾನೋಕ್ತಿಗಳ ಪುಸ್ತಕ ಮೊದಲ ಅಧ್ಯಾಯದಲ್ಲೇ ಹೇಳುತ್ತೆ. ನಾವು ಅದನ್ನ ಓದಿ, ತಲೆಯಾಡಿಸಿ, ಮುಂದಿನ ವಚನಕ್ಕೆ ಹೋಗಿಬಿಡ್ತೀವಿ.

ಹಾಗೆ ಮುಂದೆ ಹೋಗೋಕೆ ಬಿಡದವಳು ನನ್ನ ರೂಮ್‌ಮೇಟ್. ಮಂಡ್ಯದ ಹುಡುಗಿ, ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕೋದೇ ಅವಳ ಉದ್ಯೋಗ. ಒಂದು ಭಾನುವಾರ ನನ್ನ ಕಾಫಿ ಕಪ್ಪನ್ನೂ ಮೇಜಿನ ಮೇಲಿದ್ದ ಬೈಬಲನ್ನೂ ಪಕ್ಕಪಕ್ಕ ಇಟ್ಟು ಕೇಳಿದಳು: “ಅಲ್ಲ ಕಣೇ, ಕಪ್ ಮೇಲೆ ದೇವರ ಪ್ರೀತಿ ಬಗ್ಗೆ ಬರೆದಿದೆ. ಪುಸ್ತಕದಲ್ಲಿ ನೀನು ಗೆರೆ ಎಳೆದಿರೋದೆಲ್ಲ ಭಯದ ಬಗ್ಗೆ ಇದೆ. ಪ್ರೀತಿ ಮಾಡೋರಿಗೆ ಯಾರಾದ್ರೂ ಹೆದರ್ತಾರಾ?” ನಾನು ಬಾಯಿ ತೆರೆಯೋ ಮೊದಲೇ ಬೆರಳೆತ್ತಿದಳು. “ಭಯ ಅಂದ್ರೆ ಗೌರವ ಅಂತ ಮಾತ್ರ ಹೇಳ್ಬೇಡ. ಗೌರವ ಅನ್ನೋಕೆ ಅವರ ಭಾಷೆಯಲ್ಲಿ ಬೇರೆ ಪದ ಇರ್ಲಿಲ್ವಾ?”

ಇತ್ತು. ಹೀಬ್ರೂವಿನಲ್ಲೂ ಇತ್ತು, ಗ್ರೀಕಿನಲ್ಲೂ ಇತ್ತು. ಆದರೂ ಹಳೆಯ ಒಡಂಬಡಿಕೆಯ ಹೀಬ್ರೂ ಇಲ್ಲಿ ಬಳಸೋದು ‘ಯಿರಾ’ ಅನ್ನೋ ಪದ, ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಫೋಬೋಸ್’. ನಾವು ಫೋಬಿಯಾ ಅನ್ನೋದು ಅದರಿಂದಲೇ ಬಂದದ್ದು. ಬರೀ ಎದ್ದು ನಿಂತು ನಮಸ್ಕಾರ ಹೇಳೋ ಗೌರವ ಅಲ್ಲ ಅದು. ಮೈ ನಡುಗೋದೂ ಅದರೊಳಗೇ ಇದೆ. ಭಯಕ್ಕೆ ‘ಗೌರವ’ ಅಂತ ಲೇಬಲ್ ಅಂಟಿಸಿ ಸುಲಭ ಮಾಡಿಕೊಳ್ಳೋದು ಟೆಸ್ಟರ್ ಹುಡುಗಿಯ ಮುಂದೆ ನಡೆಯೋದಿಲ್ಲ.

ನನಗೆ ಈ ವಿಷಯದಲ್ಲಿ ಬಹಳ ಸಲ ನೆನಪಾಗೋದು ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದ ದೋಣಿ. ಗಲಿಲಾಯ ಸಮುದ್ರ, ರಾತ್ರಿ, ಬಿರುಗಾಳಿ. ನೀರು ದೋಣಿಯೊಳಗೆ ನುಗ್ತಾ ಇದೆ. ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾರೆ. ಶಿಷ್ಯರು ಎಬ್ಬಿಸ್ತಾರೆ, ಅವರು ಎದ್ದು ಗಾಳಿಯನ್ನ ಗದರಿಸ್ತಾರೆ, ಎಲ್ಲ ಶಾಂತ. ಕತೆ ಇಲ್ಲಿಗೆ ಮುಗಿದಿದ್ದರೆ ಶಿಷ್ಯರು ಉಸಿರು ಬಿಟ್ಟು ಸಮಾಧಾನ ಆಗಬೇಕಿತ್ತು. ಆದರೆ ಮಾರ್ಕ ಬರೆಯೋದು, ಅವರು ಆಮೇಲೆ ಬಹಳವಾಗಿ ಹೆದರಿದರು ಅಂತ. ಅಲೆ ಎದ್ದಾಗ ಇದ್ದದ್ದು ಹೇಡಿತನ. ಯೇಸು ಅದಕ್ಕೆ ಬೈದದ್ದೂ ಉಂಟು, ಗ್ರೀಕಿನಲ್ಲಿ ಅಲ್ಲಿರೋ ಪದವೇ ಬೇರೆ. ಅಲೆ ನಿಂತ ಮೇಲೆ ಬಂದದ್ದು ಫೋಬೋಸ್. ಅದಕ್ಕೆ ಅವರು ಬೈಯಲಿಲ್ಲ.

ಪೇತ್ರನಿಗೂ ಹಾಗೇ ಆಯಿತು. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದವನಿಗೆ ಯೇಸುವಿನ ಮಾತಿನಿಂದ ಬಲೆ ಹರಿಯೋವಷ್ಟು ಮೀನು ಸಿಕ್ಕಿತು. ನಮಗಾಗಿದ್ದರೆ ಒಂದು ಸೆಲ್ಫಿ. ಅವನು ಮೊಣಕಾಲೂರಿ, ನನ್ನ ಹತ್ತಿರ ಇರಬೇಡಿ, ನಾನು ಪಾಪಿ ಅಂತ ಗೋಗರೆದ. ಎರಡೂ ಕಡೆ ಬೆದರಿಕೆ ಹಾಕಿದವರು ಯಾರೂ ಇಲ್ಲ. ಸಿಕ್ಕಿದ್ದು ಉಪಕಾರ, ಹುಟ್ಟಿದ್ದು ಭಯ.

ಇನ್ನೂ ವಿಚಿತ್ರ ಸೀನಾಯಿ ಬೆಟ್ಟದ ಬುಡದಲ್ಲಿ ನಡೆದದ್ದು. ಗುಡುಗು, ಮಿಂಚು, ಹೊಗೆ. ಜನ ನಡುಗಿ ದೂರ ನಿಂತರು. ಮೋಶೆ ಅವರಿಗೆ ಮೊದಲು ಹೆದರಬೇಡಿ ಅಂತಾನೆ. ಅದೇ ಉಸಿರಿನಲ್ಲಿ, ದೇವರ ಭಯ ನಿಮ್ಮಲ್ಲಿ ಇರಲಿ, ನೀವು ಪಾಪ ಮಾಡದ ಹಾಗೆ ಅಂತಾನೆ. ಹೀಬ್ರೂವಿನಲ್ಲಿ ಎರಡೂ ಕಡೆ ಒಂದೇ ಧಾತು. ಹೆದರಬೇಡಿ, ಆದರೆ ಭಯ ಇರಲಿ! ನನ್ನ ರೂಮ್‌ಮೇಟ್ ಇದನ್ನ ಬಗ್ ಅಂತ ದಾಖಲಿಸಿಯಾಳು. ನನಗೆ ಅನ್ನಿಸೋದು, ದೂರ ಸರಿಸೋ ಭಯ ಒಂದು, ಹತ್ತಿರ ನಿಲ್ಲಿಸೋ ಭಯ ಇನ್ನೊಂದು. ಮೋಶೆ ಬೇಡ ಅಂದದ್ದು ಮೊದಲನೆಯದನ್ನ.

ಮೊದಲನೆಯ ಭಯ ನನಗೆ ಚಿಕ್ಕಂದಿನಿಂದಲೇ ಪರಿಚಯ. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಚಿತ್ರ ತೂಗುಹಾಕಿತ್ತು: ಎರಡು ದಾರಿಗಳ ಚಿತ್ರ. 1860ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಷಾರ್ಲೊಟ್ ರೈಲೆನ್ ಅನ್ನೋ ಹೆಂಗಸು ಕಲ್ಪಿಸಿ ಬರೆಯಿಸಿದ್ದು, ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು. ಬಾಸೆಲ್ ಮಿಷನ್ನಿನವರು ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ, ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲ್ ಇದ್ದ ಅದೇ ಮಿಷನ್. ಅವರಲ್ಲಿ ಬಹಳ ಜನ ಆ ಸ್ಟುಟ್‌ಗಾರ್ಟ್ ಸೀಮೆಯವರೇ. ಹಾಗಾಗಿ ಅಲ್ಲಿನ ಭಕ್ತಿಯ ಜೊತೆ ಅಲ್ಲಿನ ಚಿತ್ರವೂ ನಮ್ಮ ಮನೆಗಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಚಿತ್ರದ ಒಂದು ಕಡೆ ಅಗಲದ ದಾರಿ: ನಾಟಕಶಾಲೆ, ಜೂಜಿನ ಮನೆ, ಮೇಲೆ ಹೊತ್ತಿ ಉರಿಯೋ ಊರು. ಇನ್ನೊಂದು ಕಡೆ ಇಕ್ಕಟ್ಟಿನ ದಾರಿ: ಚರ್ಚು, ಸಂಡೇ ಸ್ಕೂಲು, ಮೇಲೆ ಬೆಳಕಿನ ಪಟ್ಟಣ. ಎಲ್ಲಕ್ಕೂ ಮೇಲೆ ತ್ರಿಕೋನದೊಳಗೆ ಒಂದು ಕಣ್ಣು. ನಾನು ಪಡಸಾಲೆಯ ಯಾವ ಮೂಲೆಗೆ ಹೋದರೂ ಆ ಕಣ್ಣು ನನ್ನನ್ನೇ ನೋಡ್ತಿತ್ತು. ಅಗಲದ ದಾರಿಯ ತುದಿಯಲ್ಲಿ ಒಂದು ರೈಲು ಬೇರೆ ಓಡ್ತಿತ್ತು. ಭಾನುವಾರ ಓಡೋ ರೈಲು ಪಾಪದ ಗುರುತು ಅಂತ ಆ ಕಾಲದವರ ಲೆಕ್ಕ. ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ನೌಕರ. ಅಪ್ಪನ ಗತಿ ಏನಪ್ಪಾ ಅಂತ ನಾನು ಎಷ್ಟೋ ರಾತ್ರಿ ಚಾದರದೊಳಗೆ ಅತ್ತಿದ್ದೀನಿ.

ಇದು ಈಗ ನಗು ತರಿಸೋ ಮಾತು. ಆದರೆ ಇಂಥ ಭಯ ಎಲ್ಲ ಕಡೆ ನಗುವಿನಲ್ಲಿ ಮುಗಿಯೋದಿಲ್ಲ. ನಮ್ಮ ಬಳಗದ ಒಬ್ಬ ಹುಡುಗನಿಗೆ ಮೂರ್ಛೆರೋಗ ಇತ್ತು. ಹೊರಗಿಂದ ಬಂದ ಒಬ್ಬ ಪ್ರಸಂಗಿ ಕೂಟದಲ್ಲಿ ಅವನ ತಾಯಿಯನ್ನ ಎಲ್ಲರ ಮುಂದೆ ನಿಲ್ಲಿಸಿ, ಮನೆಯಲ್ಲಿ ಬಚ್ಚಿಟ್ಟ ಪಾಪ ಇದೆ, ಅದಕ್ಕೇ ದೇವರು ಹೊಡೀತಿದ್ದಾರೆ ಅಂದರು. ಆಕೆ ಹೆದರಿ ಉಪವಾಸ ಕೂತರು, ನಂಬಿಕೆ ತೋರಿಸಬೇಕು ಅಂತ ಹುಡುಗನ ಮಾತ್ರೆ ನಿಲ್ಲಿಸಿದರು. ಎರಡೇ ವಾರದಲ್ಲಿ ಅವನು ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಮುರಿದುಕೊಂಡ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನ ತೋರಿಸಿ, ಇವನ ಪಾಪವೋ ಅಪ್ಪ ಅಮ್ಮನ ಪಾಪವೋ ಅಂತ ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಅಂದುಬಿಟ್ಟಿದ್ದಾರೆ. ಆ ಅಧ್ಯಾಯವನ್ನ ಆ ಪ್ರಸಂಗಿ ಓದಿರಲೇಬೇಕು. ದೇವರ ಭಯದ ಹೆಸರಿನಲ್ಲಿ ಜನರನ್ನ ತಮ್ಮ ಮುಷ್ಟಿಯಲ್ಲಿ ಇಟ್ಟುಕೊಳ್ಳೋರನ್ನ ಕಂಡರೆ ನನಗೆ ಇವತ್ತಿಗೂ ಸಿಟ್ಟು.

ಮುಷ್ಟಿಯ ಭಯಕ್ಕೆ ಇನ್ನೊಂದು ದೋಷ ಇದೆ. ಅದು ಕೆಲಸವನ್ನೂ ನೆಟ್ಟಗೆ ಮಾಡಿಸೋದಿಲ್ಲ. ಇದು ನಮ್ಮ ಐಸಿಯುನಲ್ಲಿ ದಿನಾ ಕಾಣೋ ಸಂಗತಿ. ಕೈ ತೊಳೆಯೋದಕ್ಕೆ ನಮಗೆ ನಿಯಮ ಇದೆ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದ ಐದು ಸಂದರ್ಭಗಳು: ರೋಗಿಯನ್ನ ಮುಟ್ಟೋ ಮುಂಚೆ, ಮುಟ್ಟಿದ ಮೇಲೆ, ಹೀಗೆ. ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು. ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಫೈಲು ಹಿಡಿದು ಮೂಲೆಯಲ್ಲಿ ನಿಂತರೆ ಸಾಕು, ದೊಡ್ಡ ಡಾಕ್ಟರೂ ಬೆರಳ ಸಂದಿ ಉಜ್ಜಿ ಉಜ್ಜಿ ತೊಳೀತಾರೆ. ಆಕೆ ಬಾಗಿಲು ದಾಟಿದರೆ ಬಾಟಲಿಯನ್ನ ಒಂದು ಸಲ ಒತ್ತಿ ಮುಂದಿನ ಬೆಡ್. ನೋಡೋರು ಇದ್ದಾಗ ಜನ ಬೇರೆ ಥರ ನಡೆದುಕೊಳ್ಳೋದಕ್ಕೆ ‘ಹಾಥಾರ್ನ್ ಪರಿಣಾಮ’ ಅಂತ ಹೆಸರಿದೆ. 1920–30ರ ದಶಕಗಳಲ್ಲಿ ಷಿಕಾಗೋ ಹತ್ತಿರದ ಹಾಥಾರ್ನ್ ಅನ್ನೋ ಕಾರ್ಖಾನೆಯಲ್ಲಿ ನಡೆದ ಅಧ್ಯಯನಗಳಿಂದ ಬಂದ ಹೆಸರು. ಐಟಿಯಲ್ಲಿರೋ ನಿಮಗೆ ಇದು ಗೊತ್ತಿರೋದೇ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆನ್ ಇದ್ದಾಗಿನ ಮುಖ ಬೇರೆ, ಆಫ್ ಇದ್ದಾಗಿನದು ಬೇರೆ.

ಅಂದರೆ ಕ್ಯಾಮೆರಾದ ಭಯ ನಮಗೆ ಕಲಿಸೋದು ಒಂದೇ, ಕ್ಯಾಮೆರಾ ಎಲ್ಲಿ ಇಲ್ಲ ಅಂತ ಹುಡುಕೋದನ್ನ. ಪಡಸಾಲೆಯ ಆ ಕಣ್ಣನ್ನ ಸಿಸಿಟಿವಿ ಅಂದುಕೊಂಡಿದ್ದ ದಿನಗಳಲ್ಲಿ ನಾನೂ ಚಿತ್ರಕ್ಕೆ ಬೆನ್ನು ಮಾಡಿ ಕೂತು ಬೆಲ್ಲ ತಿಂತಿದ್ದೆ.

ಅದೇ ಕಣ್ಣಿನ ಕೆಳಗೆ ಅಜ್ಜಿ ಬದುಕಿದ ರೀತಿ ಬೇರೆ. ಆಕೆ ಒಂದು ಬೋರ್ಡಿಂಗ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡ್ತಿದ್ದರು. ಅಕ್ಕಿ, ಬೇಳೆ, ಎಣ್ಣೆ ಇದ್ದ ಕೋಣೆಯ ಕೀಲಿ ಅವರ ಸೊಂಟದಲ್ಲೇ. ಮನೆಯಲ್ಲಿ ಐದು ಮಕ್ಕಳು, ಅಜ್ಜನಿಗೆ ಖಾಯಂ ಕೆಲಸ ಇಲ್ಲ. ಸಂಜೆ ಮನೆಗೆ ಹೊರಡೋ ಮುಂಚೆ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಬಿಚ್ಚಿ ಕೊಡವೋರು. ಅಕ್ಕಿ ಕೇರೋವಾಗ ಸೆರಗಿನ ಮಡಿಕೆಯಲ್ಲಿ ನಾಲ್ಕು ಕಾಳು ಸಿಕ್ಕಿಕೊಂಡಿದ್ದರೂ ಅಲ್ಲೇ ಬೀಳಲಿ ಅಂತ. ಆ ಕಾಳಿಗೆ ಗುಬ್ಬಿಗಳು ಕಾದಿರುತ್ತಿದ್ದವಂತೆ.

ನಾನು ಒಮ್ಮೆ ಕೇಳಿದ್ದೆ, “ಅಜ್ಜಿ, ನಾಕ ಕಾಳ ಅಕ್ಕಿ ಯಾರ ನೋಡ್ತಾರ?”

“ಯಾರೂ ನೋಡಂಗಿಲ್ಲಬೇ ಹುಚ್ಚಿ. ಆ ಹುಡುಗೂರಿಗೆ ತಮ್ಮ ಪಾಲು ಎಷ್ಟ ಅಂತ ಸುದ್ದಾ ಗೊತ್ತಿಲ್ಲ. ಅಲ್ಲೇ ನೋಡು ದೇವರಿಗೆ ಅಂಜೂದು.”

ನಮ್ಮ ಕಡೆ ಹೆದರೋದು, ಅಂಜೋದು ಎರಡೂ ಬಳಕೆಯಲ್ಲಿವೆ. ನಿಘಂಟಿನಲ್ಲಿ ಎರಡಕ್ಕೂ ಒಂದೇ ಅರ್ಥ ಸಿಕ್ಕೀತು. ಅಜ್ಜಿಯ ಬಾಯಲ್ಲಿ ಹಾಗಲ್ಲ. ನಾಯಿಗೆ ಹೆದರ್ತಿದ್ದರು, ಪೊಲೀಸಿಗೆ ಹೆದರ್ತಿದ್ದರು. ದೇವರಿಗೆ, ಹಿರಿಯರಿಗೆ, ಕೊಟ್ಟ ಮಾತಿಗೆ ಅಂಜ್ತಿದ್ದರು. ಹೆದರಿದರೆ ಓಡೋದು. ಅಂಜಿದರೆ ತಗ್ಗಿ ನಡೆಯೋದು. ‘ಅಂಜಿ ನಡದಾವರು’ ಅಂದರೆ ಪುಕ್ಕಲರು ಅಂತ ನಮ್ಮಲ್ಲಿ ಯಾರೂ ತಿಳಿಯೋದಿಲ್ಲ, ಅದು ಮೆಚ್ಚುಗೆಯ ಮಾತು. ನನ್ನ ರೂಮ್‌ಮೇಟಿಗೆ ಅರ್ಧ ಉತ್ತರ ಸಿಕ್ಕಿದ್ದು ಇಲ್ಲಿ. ಮಂಡ್ಯದಲ್ಲಿ ಈ ವ್ಯತ್ಯಾಸ ಇಷ್ಟು ಗಟ್ಟಿಯಾಗಿ ಇಲ್ಲ ಅಂತ ಅವಳ ವಾದ, ಇರಲಿ.

ಅಜ್ಜಿಯ ಮಾತಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಯಾಜಕಕಾಂಡ ಅಂದರೆ ಬಲಿ, ಮೈಲಿಗೆ, ಚರ್ಮರೋಗದ ನಿಯಮಗಳ ಪುಸ್ತಕ ಅಂತ ನಮ್ಮಲ್ಲಿ ಬಹಳ ಜನ ಅರ್ಧಕ್ಕೇ ಬಿಡ್ತಾರೆ. ಅದರ 19ನೇ ಅಧ್ಯಾಯದಲ್ಲಿ ಒಂದು ನಿಯಮ ಇದೆ: ಕಿವುಡನನ್ನ ಬೈಯಬಾರದು, ಕುರುಡನ ದಾರಿಗೆ ಅಡ್ಡ ಏನನ್ನೂ ಇಡಬಾರದು, ನಿನ್ನ ದೇವರಿಗೆ ಅಂಜಬೇಕು. ದೇವರ ಭಯವನ್ನ ಯಾಕೆ ಇಲ್ಲಿಗೆ ತಂದು ಜೋಡಿಸಿದ್ದಾರೆ? ಕಿವುಡನಿಗೆ ಬೈದರೆ ಅವನಿಗೆ ಕೇಳಿಸೋದಿಲ್ಲ. ಕುರುಡ ಎಡವಿದರೆ ಕಲ್ಲಿಟ್ಟವರು ಯಾರು ಅಂತ ಅವನಿಗೆ ಕಾಣೋದಿಲ್ಲ. ದೂರು ಕೊಡೋರೇ ಇಲ್ಲ, ಸಾಕ್ಷಿಯೂ ಇಲ್ಲ. ಮನುಷ್ಯರ ಭಯ ಕೆಲಸ ಮಾಡದ ಆ ಜಾಗದಲ್ಲೇ ಆ ಮಾತು ಬರುತ್ತೆ. ಮುಂದೆ 25ನೇ ಅಧ್ಯಾಯದಲ್ಲೂ ಹಾಗೇ. ಬಡವನಾದವನಿಂದ ಬಡ್ಡಿ ಕೀಳಬೇಡ, ಕೈಕೆಳಗಿನವನನ್ನ ಕ್ರೂರವಾಗಿ ದುಡಿಸಬೇಡ ಅಂದಲ್ಲೆಲ್ಲ ದೇವರಿಗೆ ಅಂಜು ಅಂತ ಮೊಳೆ ಹೊಡೆದ ಹಾಗೆ ಸೇರಿಸಿದ್ದಾರೆ.

ಐಸಿಯುನಲ್ಲಿ ನನ್ನ ರೋಗಿಗಳು ಕಿವುಡರೂ ಹೌದು, ಕುರುಡರೂ ಹೌದು, ಮೂಕರೂ ಹೌದು, ಕೆಲವು ದಿನಗಳ ಮಟ್ಟಿಗೆ. ಎಚ್ಚರದ ಮಟ್ಟವನ್ನ ನಾವು ಗ್ಲಾಸ್ಗೋ ಸ್ಕೇಲಿನಲ್ಲಿ ಅಳೀತೀವಿ. ಪೂರ್ತಿ ಎಚ್ಚರ ಇದ್ದರೆ 15, ಎಲ್ಲಕ್ಕಿಂತ ಕಡಿಮೆ 3. ಮೂರು ಅಂದರೆ ಕಣ್ಣು ತೆರೆಯೋದಿಲ್ಲ, ದನಿ ಇಲ್ಲ, ನೋವು ಕೊಟ್ಟರೂ ಕೈಕಾಲು ಅಲುಗೋದಿಲ್ಲ. ಗಂಟಲಲ್ಲಿ ಟ್ಯೂಬು, ಪಕ್ಕದಲ್ಲಿ ವೆಂಟಿಲೇಟರು. ಬೆನ್ನು ಒತ್ತಿ ಹುಣ್ಣಾಗದ ಹಾಗೆ ಅವರನ್ನ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಂಬತ್ತು ಕಿಲೋ ಮೈಯನ್ನ, ಟ್ಯೂಬು ಜಗ್ಗದ ಹಾಗೆ, ಬೆಳಗಿನ ಜಾವ ನಾಲ್ಕು ಗಂಟೆಗೆ. ಆ ಹೊತ್ತಿನಲ್ಲಿ ಮನೆಯವರು ಹೊರಗೆ ಬೆಂಚಿನ ಮೇಲೆ ನಿದ್ದೆಯಲ್ಲಿ ಇರ್ತಾರೆ. ತಿರುಗಿಸದೆ ‘ಎಡಕ್ಕೆ’ ಅಂತ ಚಾರ್ಟಿನಲ್ಲಿ ಬರೆದರೆ ಕೇಳೋರು ಯಾರೂ ಇಲ್ಲ. ರೋಗಿಯಂತೂ ಹೇಳೋದಿಲ್ಲ.

ಎರಡು ವರ್ಷದ ಹಿಂದೆ, ಆಗ ನಾನಿದ್ದ ಆಸ್ಪತ್ರೆಯಲ್ಲಿ ತಪಾಸಣೆಗೆ ಹೊರಗಿನ ತಂಡ ಬರೋದಿತ್ತು. ಹಿಂದಿನ ದಿನ ಸಂಜೆ ಫೈಲುಗಳನ್ನ ತೆಗೆದು ನೋಡಿದರೆ ಒಬ್ಬ ರೋಗಿಯ ಮಗ್ಗುಲು ಬದಲಿಸಿದ ಚಾರ್ಟಿನಲ್ಲಿ ಎರಡು ರಾತ್ರಿ ಪೂರ್ತಿ ಖಾಲಿ. ಆ ರಾತ್ರಿಗಳಲ್ಲಿ ನಾನು ರಜೆಯಲ್ಲಿದ್ದೆ. ಅವರಿಗೆ ಸೊಂಟದ ಕೆಳಗೆ ಚರ್ಮ ಕೆಂಪಾಗಿ ಹುಣ್ಣು ಶುರುವಾಗಿತ್ತು. ಮೇಲಿನ ಮೇಡಂ ನನ್ನನ್ನ ಕರೆದು, “ನಿನ್ನ ಕೈಬರಹ ಚೆನ್ನಾಗಿದೆ. ಎರಡೆರಡು ಗಂಟೆಗೆ ಬಲ, ಎಡ, ಬೆನ್ನು ಅಂತ ತುಂಬಿಬಿಡು. ಎರಡು ಬಣ್ಣದ ಪೆನ್ನು ತಗೋ” ಅಂದರು.

ನಾನು ಆಗ ಜರ್ಮನಿಗೆ ಹೋಗೋ ತಯಾರಿಯಲ್ಲಿದ್ದೆ. ಭಾಷೆಯ ಕ್ಲಾಸಿಗೆ ಫೀಸು ಕಟ್ಟಿದ್ದೆ, ನರ್ಸಿಂಗ್ ಓದಿಗೆ ಮಾಡಿದ ಸಾಲದ ಕಂತು ಇನ್ನೂ ಇತ್ತು. ಹೊರದೇಶಕ್ಕೆ ಹೋಗೋ ನರ್ಸಿಗೆ ಅನುಭವದ ಸರ್ಟಿಫಿಕೇಟು ಅಂದರೆ ಪಾಸ್‌ಪೋರ್ಟಿನಷ್ಟೇ ಮುಖ್ಯ. ಅದಕ್ಕೆ ಸಹಿ ಬೀಳೋದು ಅದೇ ಮೇಡಂ ಶಿಫಾರಸು ಮಾಡಿದ ಮೇಲೆ. ನನಗೆ ಆಕೆಯ ಭಯ ಇರಲಿಲ್ಲ ಅಂತ ಯಾರೂ ತಿಳಿಯಬೇಡಿ. ಅಂಗೈ ಬೆವೆತು ಪೆನ್ನು ಜಾರ್ತಿತ್ತು. ಆ ಭಯ ಹೋಗಲೇ ಇಲ್ಲ. ಅದಕ್ಕಿಂತ ತೂಕದ ಇನ್ನೊಂದು ಅದರ ಪಕ್ಕದಲ್ಲಿ ಬಂದು ಕೂತಿತು, ಅಷ್ಟೇ. ಈ ಚಾರ್ಟು ತುಂಬಿದರೆ, ಇಷ್ಟೆಲ್ಲ ಆರೈಕೆ ಮಾಡಿದರೂ ಹುಣ್ಣಾಯಿತು ಅಂತ ನಾಳೆ ಆ ಮನುಷ್ಯನ ಹೆಂಡತಿಗೆ ಹೇಳ್ತಾರೆ. ಆಕೆ ನಂಬ್ತಾಳೆ. ಕುರುಡನ ದಾರಿಗೆ ಕಲ್ಲಿಡೋದು ಅಂದರೆ ಇದೇ ಅನ್ನಿಸಿತು.

“ಮೇಡಂ, ನಾನು ನೋಡದೇ ಇರೋದನ್ನ ಬರೆಯೋಕೆ ಆಗಲ್ಲ” ಅಂದೆ. ಅಷ್ಟೇ ಅಂದದ್ದು. ದೇವರ ಹೆಸರು ಎತ್ತಲಿಲ್ಲ. ಕೆಲಸದ ಜಾಗದಲ್ಲಿ ದೇವರನ್ನ ಮುಂದಿಟ್ಟು ವಾದ ಗೆಲ್ಲೋದು ನನಗೆ ಸರಿಬರೋದಿಲ್ಲ.

ಇದರಿಂದ ದೊಡ್ಡದೇನೂ ಆಗಲಿಲ್ಲ. ಚಾರ್ಟನ್ನ ಬೇರೆ ಯಾರೋ ತುಂಬಿದರು. ತಪಾಸಣೆ ಚೆನ್ನಾಗಿಯೇ ಮುಗೀತು, ಕೇಕ್ ಕತ್ತರಿಸಿದರು. ನನಗೆ ಮುಂದಿನ ನಾಲ್ಕು ವಾರ ಬರೀ ನೈಟ್ ಡ್ಯೂಟಿ ಬಿತ್ತು. ಸರ್ಟಿಫಿಕೇಟು ಕೇಳಿದ ಮೂರು ತಿಂಗಳಿಗೆ ಬಂತು, ಅಷ್ಟರಲ್ಲಿ ನಾನು ಹೆಸರು ಕೊಟ್ಟಿದ್ದ ಬ್ಯಾಚು ಹೊರಟುಹೋಗಿತ್ತು. ರೋಗಿಯ ಹೆಂಡತಿಗೆ ಏನು ಹೇಳಿದರೋ ನನಗೆ ತಿಳಿಯಲಿಲ್ಲ. ಆದರೆ ಆ ನಾಲ್ಕು ವಾರ ಅವರು ನನ್ನ ಪಾಲಿಗೇ ಇದ್ದರು, ಹುಣ್ಣು ಒಣಗಿತು.

ಆ ರಾತ್ರಿಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ವಿಮೋಚನಕಾಂಡದ ಮೊದಲ ಅಧ್ಯಾಯ. ಶಿಪ್ರಾ, ಪೂಗಾ ಅನ್ನೋ ಇಬ್ಬರು ಸೂಲಗಿತ್ತಿಯರು. ಇಬ್ರಿಯರಿಗೆ ಗಂಡು ಮಗು ಹುಟ್ಟಿದರೆ ಕೊಂದುಬಿಡಿ ಅಂತ ಫರೋಹನ ಅಪ್ಪಣೆ. ಅವರು ದೇವರಿಗೆ ಅಂಜಿದ್ದರಿಂದ ಮಕ್ಕಳನ್ನ ಉಳಿಸಿದರು ಅಂತ ಅಲ್ಲಿದೆ. ಫರೋಹನ ಹೆಸರೇನು ಅಂತ ಆ ಅಧ್ಯಾಯ ಹೇಳೋದೇ ಇಲ್ಲ, ಈ ಇಬ್ಬರು ಹೆಂಗಸರ ಹೆಸರು ಬರೆದಿಟ್ಟಿದೆ. ಹೆರಿಗೆಮನೆಯ ಕೆಲಸದವರಲ್ಲವಾ, ನನಗೆ ತುಸು ಹೆಮ್ಮೆ. ದೇವರು ಅವರಿಗೆ ಒಳ್ಳೆಯದು ಮಾಡಿದರು, ಮನೆತನ ಬೆಳೆಸಿದರು ಅಂತಲೂ ಇದೆ. ಎಲ್ಲರಿಗೂ ಹಾಗೆ ಆಗುತ್ತೆ ಅಂತ ನಾನು ಬರೆಯೋದಿಲ್ಲ. ದಾನಿಯೇಲನ ಪುಸ್ತಕದ ಮೂವರು ಗೆಳೆಯರು ಬೆಂಕಿಯ ಕುಲುಮೆಯ ಎದುರು ನಿಂತು, ದೇವರು ಬಿಡಿಸಿದರೂ ಬಿಡಿಸದಿದ್ದರೂ ಅಡ್ಡಬೀಳೋದಿಲ್ಲ ಅಂದರಲ್ಲ, ಆ ‘ಬಿಡಿಸದಿದ್ದರೂ’ ಕೂಡ ಅದೇ ಸತ್ಯವೇದದಲ್ಲಿದೆ.

ಮ್ಯಾನೇಜರ್ ಆಗಿರೋ ಓದುಗರಿಗೆ ಮಾತ್ರ ನೆಹೆಮೀಯನ ಪುಸ್ತಕದ ಐದನೇ ಅಧ್ಯಾಯ ಹೇಳಬೇಕು ಅನ್ನಿಸುತ್ತೆ. ಆತ ಯೆಹೂದದ ಅಧಿಪತಿಯಾಗಿ ಹನ್ನೆರಡು ವರ್ಷ ಇದ್ದ. ಹಿಂದಿನ ಅಧಿಪತಿಗಳು ಜನರಿಂದ ಆಹಾರ, ದ್ರಾಕ್ಷಾರಸ, ಅದರ ಮೇಲೆ 40 ಶೆಕೆಲ್ ಬೆಳ್ಳಿ ವಸೂಲಿ ಮಾಡ್ತಿದ್ದರು. ಅವರ ಆಳುಗಳೂ ಜನರ ಮೇಲೆ ಸವಾರಿ. ತನ್ನ ಪಂಕ್ತಿಯಲ್ಲಿ ದಿನಾ 150 ಜನ ಊಟಕ್ಕೆ ಇದ್ದರೂ ನೆಹೆಮೀಯ ಆ ಭತ್ಯೆಯನ್ನ ಮುಟ್ಟಲಿಲ್ಲ. ಕಾನೂನು ಪ್ರಕಾರ ತಗೋಬಹುದಿತ್ತು. ಯಾಕೆ ತಗೊಳ್ಳಲಿಲ್ಲ ಅಂತ ಅವನೇ ಬರೀತಾನೆ: ದೇವರ ಭಯ. ಟ್ಯಾಕ್ಸಿ ಬಿಲ್ಲು, ಊಟದ ಬಿಲ್ಲು ಸೇರಿಸೋ ತಿಂಗಳ ಕೊನೆಯಲ್ಲಿ ಓದೋಕೆ ತಕ್ಕ ಅಧ್ಯಾಯ.

ಆ ಮೇಡಂ ಮೇಲೆ ನನಗೆ ದ್ವೇಷ ಇಲ್ಲ. ಆಕೆಗೂ ಮೇಲಿನವರ ಭಯ, ಮೇಲಿನವರಿಗೆ ಮ್ಯಾನೇಜ್‌ಮೆಂಟಿನ ಭಯ, ಅವರಿಗೆ ತಪಾಸಣೆಯ ಭಯ. ಇಂಥ ಭಯ ಮೇಲಿಂದ ಕೆಳಕ್ಕೇ ಹರಿಯೋದು. ಕೊನೆಗೆ ಬಂದು ನಿಲ್ಲೋದು ಮಾತಾಡೋಕೆ ಆಗದವನ ಬೆನ್ನ ಮೇಲೆ.

ರೂಮ್‌ಮೇಟಿನ ಪ್ರಶ್ನೆಯ ಇನ್ನರ್ಧ ಉಳಿದಿದೆ: ಪ್ರೀತಿ ಮಾಡೋರಿಗೆ ಯಾರಾದರೂ ಹೆದರ್ತಾರಾ? ಯೋಹಾನನ ಮೊದಲ ಪತ್ರಿಕೆ ಅವಳ ಪಕ್ಷದಲ್ಲೇ ಇದೆ. ಪೂರ್ಣವಾದ ಪ್ರೀತಿ ಭಯವನ್ನ ಹೊರಗೆ ಹಾಕುತ್ತೆ, ಯಾಕೆಂದರೆ ಭಯಕ್ಕೆ ಶಿಕ್ಷೆಯ ಸಂಬಂಧ ಇದೆ ಅನ್ನೋದು ಅಲ್ಲಿನ ಮಾತಿನ ಸಾರ. ಶಿಕ್ಷೆಯ ಭಯ ಹೋಗಲೇಬೇಕು, ನನಗೆ ಅದರಲ್ಲಿ ತಕರಾರಿಲ್ಲ. ಆದರೆ 130ನೇ ಕೀರ್ತನೆ ಇನ್ನೊಂದು ತುದಿಯಿಂದ ಬರುತ್ತೆ. ನಮ್ಮ ತಪ್ಪುಗಳನ್ನೆಲ್ಲ ಲೆಕ್ಕ ಹಿಡಿದರೆ ಯಾರು ನಿಂತಾರು ಅಂತ ಕೇಳಿ, ದೇವರಲ್ಲಿ ಕ್ಷಮೆ ಇದೆ, ಅದರಿಂದಲೇ ಜನ ಆತನಿಗೆ ಅಂಜ್ತಾರೆ ಅಂತ ಹೇಳುತ್ತೆ. ಶಿಕ್ಷೆಗೆ ಹೆದರಿದ್ದರೆ, ಕ್ಷಮೆ ಸಿಕ್ಕ ದಿನ ಭಯ ಮುಗಿದು ಹೋಗಬೇಕಿತ್ತು. ಕೀರ್ತನೆಕಾರನಿಗೆ ಅದು ಶುರುವಾಗೋದೇ ಆ ದಿನ. ದೋಣಿಯಲ್ಲಿ ಅಲೆ ನಿಂತ ಮೇಲೆ ನಡುಗಿದವರ ಭಯ, ಮೀನಿನ ರಾಶಿಯ ನಡುವೆ ಮೊಣಕಾಲೂರಿದ ಪೇತ್ರನ ಭಯ ಇದೇ ಜಾತಿಯದು. ತೊಟ್ಟಿಲ ಕೂಸನ್ನ ಮೊದಲ ಸಲ ಕೈಗೆ ತಗೊಂಡವರ ತೋಳು ನಡುಗೋದನ್ನ ನಾನು ಹೆರಿಗೆ ವಾರ್ಡಿನಲ್ಲಿ ತರಬೇತಿ ಮಾಡೋವಾಗ ಬೇಕಾದಷ್ಟು ನೋಡಿದ್ದೀನಿ. ಕೂಸು ಅವರಿಗೆ ಏನು ಶಿಕ್ಷೆ ಕೊಟ್ಟೀತು?

ಜರ್ಮನ್ ಕ್ಲಾಸು ಇನ್ನೂ ಮುಂದುವರಿದಿದೆ, ಬ್ಯಾಚು ತಪ್ಪಿದರೇನು. ಅಲ್ಲಿ ಒಂದು ದಿನ ‘ಏರ್‌ಫುರ್ಶ್ಟ್’ ಅನ್ನೋ ಪದ ಸಿಕ್ಕಿತು. ‘ಏರೆ’ ಅಂದರೆ ಮರ್ಯಾದೆ, ‘ಫುರ್ಶ್ಟ್’ ಅಂದರೆ ಭಯ. ಎರಡೂ ಸೇರಿ ಒಂದೇ ಪದ. ನಾನು ಪೆನ್ಸಿಲಿನಲ್ಲಿ ಪಕ್ಕಕ್ಕೆ ಭಯಭಕ್ತಿ ಅಂತ ಬರೆದುಕೊಂಡೆ. ಲೂಥರ್ 1529ರಲ್ಲಿ ಮಕ್ಕಳಿಗೂ ಮನೆಮಂದಿಗೂ ಬರೆದ ಚಿಕ್ಕ ಪಾಠಪುಸ್ತಕದಲ್ಲಿ ಹತ್ತು ಆಜ್ಞೆಗಳ ಅರ್ಥ ಹೇಳೋವಾಗ ಪ್ರತಿ ಸಲವೂ ದೇವರಿಗೆ ಅಂಜೋದು, ದೇವರನ್ನ ಪ್ರೀತಿಸೋದು ಎರಡನ್ನೂ ಜೊತೆಗೇ ಇಟ್ಟು ಶುರು ಮಾಡ್ತಾನೆ. ಕನ್ನಡದಲ್ಲಿ ಅಂಜೋರು ಒಂದು ಕಡೆ, ಜರ್ಮನಿನಲ್ಲಿ ಅಂಜೋರು ಇನ್ನೊಂದು ಕಡೆ. ಪದ ಕಟ್ಟೋ ರೀತಿ ಮಾತ್ರ ಒಂದೇ ಥರ ಇರೋದು ನೋಡಿ ನನಗೆ ಖುಷಿಯಾಯಿತು.

ಈಗಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಹೊಸದಾಗಿ ಸೇರಿದ ಒಬ್ಬಳು ಜೂನಿಯರ್ ಇದ್ದಾಳೆ. ಪ್ರಜ್ಞೆ ಇಲ್ಲದವರನ್ನ ಮಗ್ಗುಲು ಬದಲಿಸೋ ಮುಂಚೆ ನಾನು ಅವರಿಗೆ ಹೇಳಿಯೇ ತಿರುಗಿಸ್ತೀನಿ: “ಸಾರ್, ಈಗ ಎಡಕ್ಕೆ ತಿರುಗಿಸ್ತೀವಿ, ಸ್ವಲ್ಪ ತಡ್ಕೊಳ್ಳಿ.” ನರ್ಸಿಂಗ್ ಕಾಲೇಜಿನಲ್ಲಿ ಹಾಗೇ ಕಲಿಸ್ತಾರೆ, ಕೇಳಿಸ್ತಿದ್ದರೂ ಕೇಳಿಸ್ತಿರಬಹುದು ಅಂತ. ಕೆಲಸದ ಗಡಿಬಿಡಿಯಲ್ಲಿ ಬಹಳ ಜನ ಬಿಟ್ಟುಬಿಡ್ತಾರೆ. ಮೊದಮೊದಲು ಆ ಹುಡುಗಿ, “ಚೇಚಿ, ಇವರಿಗೆ ಏನು ಗೊತ್ತಾಗುತ್ತೆ?” ಅಂತ ನಗ್ತಿದ್ದಳು. ನಾನು ಏನೂ ಉಪದೇಶ ಮಾಡಲಿಲ್ಲ. ಹೋದ ವಾರ ನಾಲ್ಕು ಗಂಟೆಯ ರೌಂಡಿನಲ್ಲಿ ಪರದೆಯ ಆಚೆಯಿಂದ ಅವಳ ದನಿ ಕೇಳಿಸಿತು. ಒಬ್ಬಳೇ ಇದ್ದಳು, ರೋಗಿಯ ಬಾಯಿ ಒರೆಸ್ತಾ ಮೆಲ್ಲಗೆ ಏನೋ ಹೇಳ್ತಿದ್ದಳು. ಹೇಳ್ತಿದ್ದದ್ದು ಮಲಯಾಳದಲ್ಲಿ. ರೋಗಿ ಬಾಗಲಕೋಟೆಯವರು.